ಜೀನಿನಡಿಯ ಸುಳಿ

ಕುದುರೆ ಸವಾರಿ ಪ್ರದರ್ಶನಕ್ಕೆ ಎಂಟೇ ದಿನ ಉಳಿದಿತ್ತು. ಕೊಳ್ಳಲೆಂದು ಮಗಳು ಆರಿಸಿದ ಕುಳ್ಳ ಕುದುರೆ ಅವಳನ್ನು ಹೊತ್ತು ಮೂರು ಸುತ್ತು ಬಂದು, ಹೇಳಿದ ಕಡೆ ನಿಂತಿತು. ಅಪ್ಪ ಜೀನು ಬಿಚ್ಚಿಸಿ ಅದರ ಬೆನ್ನಿನ ಕೂದಲಲ್ಲಿ ಬೆರಳಾಡಿಸಿದರು. ಬೆರಳು ಒಂದು ಕಡೆ ತಡೆದು ನಿಂತಿತು.

“ಇದು ಬೇಡ. ಇಲ್ಲಿ ಸುಳಿ ಇದೆ.”

“ನಡಿಗೆ ನೋಡಿ ಸಾರ್,” ಎಂದ ಕುದುರೆಯ ಯಜಮಾನ. “ಇಂಥ ಸಾಧು ಪ್ರಾಣಿ ಸಿಗಲ್ಲ.”

“ಜೀನಿನ ಕೆಳಗೆ ಸುಳಿ ಇದ್ರೆ ಹತ್ತಿದೋರಿಗೆ ಆಗಿಬರಲ್ಲ. ನಡಿಯಮ್ಮ, ಹೋಗೋಣ.”

ಮಗಳು ಲಗಾಮು ಬಿಡಲಿಲ್ಲ.

“ಬಿಡು ಅಂದೆ.”

ಅವಳು ಹೆಲ್ಮೆಟ್ ತೆಗೆದು, ತಲೆ ಬಗ್ಗಿಸಿ, ನೆತ್ತಿಯ ಕೂದಲು ಸರಿಸಿ ತೋರಿಸಿದಳು.

“ಹೋದ ತಿಂಗಳು ಹೆಣ್ಣು ನೋಡೋಕೆ ಬಂದೋರು ಇಲ್ಲಿ ಎರಡು ಸುಳಿ ಇದೆ ಅಂತ ಎದ್ದು ಹೋದ್ರಲ್ಲ, ಅವರನ್ನ ನೀವು ಏನಂತ ಬೈದ್ರಿ, ಅಪ್ಪ?”