ಕುರಿಯ ಅಜ್ಜನನ್ನು ಯಾರೂ ಕೇಳುವುದಿಲ್ಲ

ಲಗಮಣ್ಣನ ಧೋತರ ಗೋಡೆಯ ಮೇಲಿನ ಗಾಜಿನ ಚೂರಿಗೆ ಸಿಕ್ಕಿಕೊಂಡಿತ್ತು. ಅರ್ಧ ದೇಹ ಗೋಡೆಯ ಮೇಲೆ, ಅರ್ಧ ಗಾಳಿಯಲ್ಲಿ. ಕೆಳಗೆ ಕಾವಲುಗಾರ ಭೀಮಸಿ ಲಾಠಿ ಹಿಡಿದು ನಿಂತಿದ್ದ.

“ಇಳಿಯಲೇ ಮುದುಕಾ! ಅಥಣಿಯಿಂದ ನಾ ನೌಕರಿಗೆ ಬಂದು ಎರಡ ದಿನ ಆತು, ನಿನ್ನಂಥಾ ಹಟಮಾರಿನ್ನ ಕಂಡಿಲ್ಲ.”

“ಇಳೀತೀನೊ, ಮೊದಲ ಧೋತರ ಬಿಡಸು!”

ಪರ್ರೆಂದು ಸದ್ದಾಯಿತು. ಲಗಮಣ್ಣ ಗೋಡೆಯ ಹೊರಬದಿಗೇ ಬಿದ್ದ. ಅರ್ಧ ಧೋತರ ಮೇಲೆಯೇ ಉಳಿಯಿತು. ಎಂಟು ಅಡಿ ಗೋಡೆ, ಸಾಲದ್ದಕ್ಕೆ ಗಾಜು ಬೇರೆ. ಈ ಗಾಜು ನೆಡುವ ಬುದ್ಧಿ ಹುಟ್ಟಿದವನ ಮನೆ ಹಾಳಾಗಲಿ ಎನ್ನಲು ಬಾಯಿ ತೆರೆದವನು ಯಾಕೋ ತುಟಿ ಕಚ್ಚಿಕೊಂಡ.

ಶಿರಗುಪ್ಪಿಯ ಆಚೆ, ಕಬ್ಬು-ದ್ರಾಕ್ಷಿಗಳ ನಡುವಿನ ಆ ತೋಟದ ವಸ್ತಿಗೆ ಗೋಡೆ ಹೊಸದು. ಕಬ್ಬು ಕಡಿಯಲು ಗಡಿಯಾಚೆಯಿಂದ ವರ್ಷವರ್ಷವೂ ಕೂಲಿಯವರ ಟೋಳಿಗಳು ಬರುತ್ತವೆ. ಬಂದವರು ಇಲ್ಲೇ ಬೇರು ಬಿಟ್ಟುಬಿಟ್ಟರೆ? ಅದಕ್ಕೇ ವಸ್ತಿಯ ಸಮಿತಿ ಸುತ್ತಲೂ ಗೋಡೆ ಎಬ್ಬಿಸಿತ್ತು. ಇವತ್ತು ಹನ್ನೊಂದಕ್ಕೆ ಉದ್ಘಾಟನೆ. ವಸ್ತಿಯ ಮಂದಿಯೆಲ್ಲ ಆಗಲೇ ಒಳಗಿದ್ದರು. ಮೈಕು ಕಿವಿ ಹರಿಯುವಂತೆ ಹಾಡುತ್ತಿತ್ತು, ಹೊರಗಿನಿಂದ ಎಷ್ಟು ಕೂಗಿದರೂ ಯಾರಿಗೂ ಕೇಳುವಂತಿರಲಿಲ್ಲ.

ಒಳಗೆ ಲಗಮಣ್ಣನ ಹೆಂಡತಿ ಅಕ್ಕವ್ವ ನಸುಕಿನಿಂದ ಗೋಧಿ ಹುಗ್ಗಿಯ ಕೊಪ್ಪರಿಗೆಯ ಮುಂದೆ ನಿಂತಿದ್ದಳು. ಹನ್ನೊಂದರೊಳಗೆ ಅವನು ಅಲ್ಲಿರದಿದ್ದರೆ ಗಂಡ ಹೆಂಡತಿ ಇಬ್ಬರ ಮಾನವೂ ಮೂರು ಕಾಸಿಗೆ ಹೋಗುತ್ತಿತ್ತು. ಈಗ ಹತ್ತೂಮುಕ್ಕಾಲು.

ಬಾಗಿಲಿನಿಂದ ಹೋಗಲು ಇವನಿಗೇನು ಧಾಡಿ ಎನ್ನಬೇಡಿ. ಹೋಗಿದ್ದ, ಪಾಪ. ಅರ್ಧ ತಾಸಿನ ಹಿಂದೆ ಭೀಮಸಿ ಅಲ್ಲಿಯೂ ಅಡ್ಡ ಬಂದಿದ್ದ.

“ಇಲ್ಲ್ಯಾಕ ಅಡ್ಡಾಡಾಕತ್ತಿ?”

“ಗ್ವಾಡಿ ಹೊರಗಿಂದ ಹ್ಯಾಂಗ ಕಾಣ್ತೈತಿ ಅಂತ ನೋಡಾಕ ಬಂದಿದ್ದೆ.”

“ಹೊರಗಿನವ್ರಿಗೆ ಹ್ಯಾಂಗ ಕಾಣಬೇಕೊ ಹಂಗ ಕಾಣ್ತೈತಿ. ನೋಡಿದೆಲ್ಲ, ನಡಿ.”

“ನಾ ಯಾರ ಗೊತ್ತೈತೇನಲೇ?”

“ಮುಂಜಾನಿಂದ ಹತ್ತ ಮಂದಿ ಹಿಂಗ ಕೇಳ್ಯಾರ. ಸಮಿತಿಯವ್ರ ಬೀಗರ ಬಂದರೂ ಬಿಡಬ್ಯಾಡ ಅಂತ ಹುಕುಂ ಐತಿ. ನೀ ಯಾರರೆ ಇರು, ನಿಮ್ಮಜ್ಜ ಯಾವೂರಾಗ ಹುಟ್ಟಿದಾ, ಅದನ್ನ ಹೇಳು.”

ಅದು ಸಮಿತಿಯ ನೇಮ. ಗುರುತಿನ ಕಾರ್ಡು ಖೊಟ್ಟಿ ಇದ್ದೀತು, ಭಂಡಾರದ ಮುಂದೆ ಖೊಟ್ಟಿ ನಡೆಯುವುದಿಲ್ಲ. ಚಿಂಚಲಿ ಮಾಯಕ್ಕ ದೇವಿಯ ಅರಿಸಿನ ಭಂಡಾರ ಅಂಗೈಯಲ್ಲಿ ಹಿಡಿದು ಅಜ್ಜ ಹುಟ್ಟಿದ ಊರು ಹೇಳಬೇಕು. ಇದೇ ವಸ್ತಿ ಎಂದವರಿಗಷ್ಟೇ ಬಾಗಿಲು. ನೇಮ ಲಗಮಣ್ಣನಿಗೆ ಬಾಯಿಪಾಠವಿತ್ತು. “ತಾ ಇಲ್ಲಿ” ಎಂದು ಗತ್ತಿನಿಂದ ಕೈ ಚಾಚಿದ. ಭಂಡಾರ ಅಂಗೈಗೆ ಬಿದ್ದದ್ದೇ ತಡ, ಅಜ್ಜ ನೆನಪಾದ.

ಅಜ್ಜ ಹುಟ್ಟಿದ್ದು ಗಡಿಯಾಚೆ, ಜತ್ತದ ಕಡೆ. ಬರಗಾಲದಲ್ಲಿ ಲಗಮಣ್ಣನ ಅಪ್ಪನನ್ನು ಹೆಗಲ ಮೇಲೆ ಕೂಡಿಸಿಕೊಂಡು ನಡೆದು ಬಂದಿದ್ದ. ಇದೇ ವಸ್ತಿಯ ಯಾರೋ ಪುಣ್ಯಾತ್ಮರು ರೊಟ್ಟಿ ಕೊಟ್ಟು, ದನದ ಕೊಟ್ಟಿಗೆಯಲ್ಲಿ ಮಲಗಲು ಜಾಗ ಬಿಟ್ಟಿದ್ದರು. ಐವತ್ತೆಂಟು ವರ್ಷದಲ್ಲಿ ಲಗಮಣ್ಣನನ್ನು ಯಾರೂ ಇದನ್ನು ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ. ಮಾಯಕ್ಕನೆದುರು ಸುಳ್ಳಾಡಿ ದಕ್ಕಿಸಿಕೊಂಡವರುಂಟೇ?

“ಜತ್ತ” ಎಂದ, ತನಗೇ ಕೇಳಿಸದಷ್ಟು ಮೆಲ್ಲಗೆ.

ಭೀಮಸಿಗೆ ಕೇಳಿಸಿತ್ತು. “ಮುಗೀತಲಾ! ನಡಿ ಟೋಳಿ ಕಡೆ.”

ಆಮೇಲೆ ತಾನು ಯಾರೆಂದು ಹೇಳಿಕೊಳ್ಳುವುದು ಇನ್ನೂ ದೊಡ್ಡ ನಾಚಿಕೆ. ಹಾಗಾಗಿ ಗೋಡೆ ಹತ್ತಿದ್ದು, ಹಾಗಾಗಿ ಅರ್ಧ ಧೋತರ.

ಬಿದ್ದವನನ್ನು ಬೈದು ಭೀಮಸಿ ಬಾಗಿಲಿಗೆ ಮರಳಿದ. ಅಷ್ಟರಲ್ಲಿ ಕುರಿಗಾರ ಮಾಳಸಿದ್ದ ಹಿಂಡು ಹೊಡೆದುಕೊಂಡು ಬಂದ. ವರ್ಷವರ್ಷವೂ ಬರುವ ಮನುಷ್ಯ. ದ್ರಾಕ್ಷಿ ತೋಟಕ್ಕೆ ಹಿಕ್ಕಿ ಗೊಬ್ಬರ ಬೇಕಲ್ಲ! ಅದಕ್ಕೂ ಸಮಿತಿ ಒಂದು ನೇಮ ಮಾಡಿತ್ತು: ಕುರಿ ಒಳಗೆ, ಕುರಿಗಾರ ಹೊರಗೆ. ಲಗಮಣ್ಣನ ಅವತಾರ ನೋಡಿ ಮಾಳಸಿದ್ದನಿಗೆ ನಗು ತಡೆಯಲಿಲ್ಲ.

“ಯಾಕ್ರಿ ಅಣ್ಣಾರ, ನಿಮ್ಮನ್ನೂ ಬಿಡವಲ್ರಾ?”

“ಅಜ್ಜ ಜತ್ತದಾಂವ ಆದನಲ್ಲೊ! ನಗಬ್ಯಾಡೊ ಮಾರಾಯಾ, ಹ್ಯಾಂಗರೆ ಮಾಡಿ ಒಳಗ ಹಾಕು.”

ಮಾಳಸಿದ್ದ ಗಡ್ಡ ತುರಿಸಿಕೊಂಡ. “ಕುರಿ ಅಜ್ಜನ್ನ ಯಾರೂ ಕೇಳೂದಿಲ್ರಿ” ಎನ್ನುತ್ತ ಹೆಗಲ ಮೇಲಿನ ಕಂಬಳಿ ತೆಗೆದುಕೊಟ್ಟ.

ಲಗಮಣ್ಣ ಕಂಬಳಿ ಎರಡೂ ಕೈಯಲ್ಲಿ ಹಿಡಿದುಕೊಂಡ. “ನನಗ್ಯಾಕ ಇಷ್ಟ ಮಾಡ್ತಿ ಮಾಳಸಿದ್ದಾ?”

“ಹೊರಗ ನಿಂತಾಂವನ ಸಂಕಟ ಹೊರಗ ನಿಂತಾಂವಗ ಗೊತ್ರಿ. ಹೂಂ, ಬಗ್ರಿ.”

ಭೀಮಸಿ ಬಾಗಿಲು ತೆರೆದ. ಲಗಮಣ್ಣ ಅಷ್ಟರಲ್ಲಿ ಕಂಬಳಿ ಹೊದ್ದು, ಮೊಣಕಾಲೂರಿ ಹಿಂಡಿನ ನಡುವೆ ತೂರಿಕೊಂಡಿದ್ದ. ಮುಂದಿನ ಟಗರು ಒದೆಯಿತು. ಹಿಂದಿನದು ಧೋತರದ ಉಳಿದರ್ಧ ಜಗಿಯತೊಡಗಿತು. ಭೀಮಸಿಯ ಬೂಟು ಹತ್ತಿರ ಬಂದಾಗ ಬೇರೆ ದಾರಿ ಕಾಣದೆ ಅವನು ಒಮ್ಮೆ “ಬ್ಯಾ” ಎಂದ.

“ಇದರ ದನಿ ಯಾಕ ಹಿಂಗೈತಿ?”

“ಜತ್ತದ ತಳಿ ಐತ್ರಿ” ಎಂದ ಮಾಳಸಿದ್ದ, ಹೊರಗೇ ನಿಂತು. “ಹಂಗ ಒದರತೈತಿ.”

ಹಿಂಡು ಹೊಸ್ತಿಲು ದಾಟಿತು. ಮೊಣಕಾಲು ಸುಲಿದು ರಕ್ತ ಬಂದಿದ್ದರೂ ಲಗಮಣ್ಣನಿಗೆ ಅಳುವಷ್ಟು ಸಂತೋಷವಾಯಿತು. ಅಜ್ಜನಿಗೂ ಅಂದು ಹೀಗೇ ಆಗಿರಬೇಕು ಎನಿಸಿತು. ಅದೇ ಹೊತ್ತಿಗೆ ಹಾಡು ನಿಂತು, ಮೈಕು ಗೊರಗೊರ ಎಂದಿತು.

“ಹೊರಗಿನವರು ಒಬ್ಬರೂ ಒಳಗ ಬರಬಾರದು ಅಂತ ಈ ಗೋಡೆ ಕಟ್ಟಿಸಿ, ಮೇಲೆ ಗಾಜು ನೆಡಿಸಿ, ಭಂಡಾರದ ನೇಮ ಮಾಡಿದ ನಮ್ಮ ಸಮಿತಿಯ ಅಧ್ಯಕ್ಷರು, ಸನ್ಮಾನ್ಯ ಶ್ರೀ ಲಗಮಣ್ಣನವರು ಎಲ್ಲಿದ್ದರೂ ಬಂದು ರಿಬ್ಬನ್ ಕತ್ತರಿಸಬೇಕಾಗಿ ವಿನಂತಿ!”