ಫ್ಲೈಓವರ್ ಕೆಳಗೆ ಕಡಿದುಹೋಗದ ಸಿಗ್ನಲ್

ಬೆಂಗಳೂರಿನ ಫ್ಲೈಓವರ್ ಕೆಳಗೆ ಆಂಬುಲೆನ್ಸ್ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಿತ್ತು...

ಒಳಗೆ ಮಲಗಿದ್ದವರು ವನಮಾಲಾ. ರಸ್ತೆ ದಾಟುವಾಗ ಕಾರು ಗುದ್ದಿತ್ತು. ಉಸಿರು ಸಿಗದೆ ತುಟಿ ನೀಲಿಯಾಗುತ್ತಿತ್ತು.

ಪಕ್ಕದಲ್ಲಿ ಕೈ ಹಿಡಿದು ಕೂತಿದ್ದವರು ಪತಿ ಶ್ರೀಕಂಠಯ್ಯ. ದೊಡ್ಡ ವೈರ್‌ಲೆಸ್ ಲ್ಯಾಬ್ ಒಂದರ ನಿವೃತ್ತ ಡೈರೆಕ್ಟರ್.

ಆಸ್ಪತ್ರೆಯಲ್ಲಿದ್ದ ಡಾಕ್ಟರ್ ವೀಡಿಯೊದಲ್ಲೇ ಎಲ್ಲ ನೋಡುತ್ತಾ ಆಂಬುಲೆನ್ಸಿನ ನರ್ಸ್‌ಗೆ ಹೇಳುತ್ತಿದ್ದರು.

"ಸಿಸ್ಟರ್, ಕ್ಯಾಮೆರಾ ಹತ್ರ ತನ್ನಿ... ಎದೆ ಎಡಗಡೆ ಏಳ್ತಾನೇ ಇಲ್ಲ! ಒಳಗೆ ಗಾಳಿ ತುಂಬ್ಕೊಂಡು ಶ್ವಾಸಕೋಶನ ಅದುಮ್ತಿದೆ. ಸೂಜಿ ತಗೊಳ್ಳಿ... ಸ್ವಲ್ಪ ಪಕ್ಕಕ್ಕೆ... ಹಾಂ, ಅಲ್ಲೇ. ಚುಚ್ಚಿ!"

ಸುಯ್ಯೆಂದು ಗಾಳಿ ಹೊರಬಂತು. ವನಮಾಲಾ ಉಸಿರೆಳೆದುಕೊಂಡರು...

ಆಸ್ಪತ್ರೆ ತಲುಪಿ ಪತ್ನಿಯನ್ನು ಒಳಗೆ ಕರೆದೊಯ್ದ ಮೇಲೆ ಶ್ರೀಕಂಠಯ್ಯನವರಿಗೆ ಹೊಳೆಯಿತು. ಸುತ್ತ ಕಾಂಕ್ರೀಟ್, ತಲೆಯ ಮೇಲೆ ಫ್ಲೈಓವರ್... ಆದರೂ ವೀಡಿಯೊ ಒಮ್ಮೆಯೂ ನಿಲ್ಲಲಿಲ್ಲ! ಹೇಗೆ?

ತಿರುಗಿ ನೋಡಿದರು. ಆಂಬುಲೆನ್ಸ್ ನೆತ್ತಿಯ ಮೇಲೆ ಸಾಲಾಗಿ ಹಲವು ಆಂಟೆನಾಗಳು...

ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ದಶಕಗಳ ಹಿಂದೆ ಅವರ ಲ್ಯಾಬ್‌ನಲ್ಲಿ ಜಲಜಾಕ್ಷಿ ಎಂಬ ಯುವ ಇಂಜಿನಿಯರ್ ಇದ್ದರು.

"ಗೋಡೆಗೆ ಬಡಿದು ಚದುರೋ ಸಿಗ್ನಲ್ ವೇಸ್ಟ್ ಅಲ್ಲ ಸರ್. ಕಳಿಸೋ ಕಡೆ, ಪಡೆಯೋ ಕಡೆ ಹಲವು ಆಂಟೆನಾ ಇಟ್ರೆ ಆ ಒಂದೊಂದು ದಾರೀನೂ ಕೆಲಸಕ್ಕೆ ಬರುತ್ತೆ" ಎಂದಿದ್ದರು.

"ಒಂದೇ ರೂಮಲ್ಲಿ ಎಲ್ರೂ ಒಟ್ಟಿಗೆ ಕೂಗಿದ್ರೆ ಯಾರ ಮಾತಮ್ಮ ಕೇಳ್ಸುತ್ತೆ?"

ಶ್ರೀಕಂಠಯ್ಯ ಎಲ್ಲರೆದುರು ನಕ್ಕಿದ್ದರು. ಪ್ರಾಜೆಕ್ಟ್ ಮುಚ್ಚಿಸಿದ್ದರು.

ಜಲಜಾಕ್ಷಿ ಕೆಲಸ ಬಿಟ್ಟರು. ತುಮಕೂರಿನ ಒಂದು ಕಾಲೇಜಿನ ಪುಟ್ಟ ಲ್ಯಾಬ್‌ನಲ್ಲಿ ಅದನ್ನೇ ಹಟ ಹಿಡಿದು ಸಾಧಿಸಿದರು. ಆ ದಾರಿ ತುಳಿದ ಮೊದಲಿಗರಲ್ಲಿ ಒಬ್ಬರಾದರು. ಈ ಆಂಬುಲೆನ್ಸಿನ ಆಂಟೆನಾಗಳ ಹಿಂದೆ ಇದ್ದದ್ದೂ ಅದೇ ವಿಚಾರ.

ಶ್ರೀಕಂಠಯ್ಯನವರಿಗೆ ಇದೆಲ್ಲ ಗೊತ್ತಿತ್ತು. ಒಂದು ಫೋನ್ ಮಾಡಲು ಮಾತ್ರ ಅಹಂ ಬಿಟ್ಟಿರಲಿಲ್ಲ...

ವನಮಾಲಾ ಚೇತರಿಸಿಕೊಳ್ಳುತ್ತಿದ್ದಂತೆ ಅವರು ವಿಳಾಸ ಹುಡುಕಿಕೊಂಡು ತುಮಕೂರಿಗೆ ಹೋದರು. ಬಾಗಿಲು ತೆರೆದ ಜಲಜಾಕ್ಷಿಯವರ ತಲೆಯೂ ಬೆಳ್ಳಗಾಗಿತ್ತು.

"ನನ್ನಿಂದ ತಪ್ಪಾಯ್ತಮ್ಮ..." ಎನ್ನುತ್ತಾ ನಡೆದದ್ದನ್ನೆಲ್ಲ ಹೇಳಿದರು. ಬೈಗುಳಕ್ಕೂ ಸಿದ್ಧರಾಗಿ ಬಂದಿದ್ದರು.

ಆದರೆ ಜಲಜಾಕ್ಷಿ ಗೋಡೆ ಹಿಡಿದು ನಿಂತುಬಿಟ್ಟರು. ಕಣ್ಣಿಂದ ಧಾರೆ ಧಾರೆ ನೀರು...

"ಏನಂದ್ರಿ ಸರ್? ಆಂಬುಲೆನ್ಸಲ್ಲಾ? ಫೋನಿಗೆ, ಟವರಿಗೆ ಬಳಸ್ತಾರೆ ಅಂತ ಗೊತ್ತಿತ್ತು. ಆದ್ರೆ ಇದ್ರಿಂದ ಒಂದು ಜೀವ ಉಳೀತು ಅಂತ ಇದುವರೆಗೂ ಯಾರೂ ಬಂದು ಹೇಳಿರ್ಲಿಲ್ಲ..."

ಸೆರಗಿನಿಂದ ಮುಖ ಒರೆಸಿಕೊಂಡು ಒಂದೇ ಮಾತು ಕೇಳಿದರು.

"ಅವ್ರನ್ನ ಒಂದ್ಸಲ ನೋಡ್ಬಹುದಾ ಸರ್?"

ಅಂದೇ ಇಬ್ಬರೂ ಆಸ್ಪತ್ರೆಗೆ ಬಂದರು. ಜಲಜಾಕ್ಷಿ ಕಣ್ಣು ಒರೆಸಿಕೊಳ್ಳುತ್ತಾ ಮಂಚದ ಪಕ್ಕ ಕೂತು, ಏರಿ ಇಳಿಯುವ ಆ ಉಸಿರನ್ನೇ ನೋಡತೊಡಗಿದರು.

"ಇವ್ರು ಯಾರು ರೀ? ಯಾಕೆ ಅಳ್ತಿದ್ದಾರೆ?" ವನಮಾಲಾ ಗಾಬರಿಯಿಂದ ಕೇಳಿದರು.

ಶ್ರೀಕಂಠಯ್ಯ ಪತ್ನಿಯ ಕೈ ಹಿಡಿದುಕೊಂಡರು.

"ನಿನ್ನ ಉಳಿಸಿದೋರು ಕಣೇ..."

*ಒಳ್ಳೆಯ ಕೆಲಸ ಯಾರನ್ನು ಮುಟ್ಟಿತೆಂದು ಮಾಡಿದವರಿಗೆ ಎಷ್ಟೋ ಸಲ ತಿಳಿಯುವುದೇ ಇಲ್ಲ. ಪಡೆದವರೇ ಹೋಗಿ ಹೇಳಬೇಕು.*

ನೀವು ಇನ್ನೂ ಹೋಗಿ ಹೇಳಬೇಕಾಗಿರುವುದು ಯಾರಿಗೆ?