ಕಾಲುವೆಯಾಚೆಯ ವಿಮಾನ

ಖಾರ್ಟೂಮಿನಿಂದ ರೇಡಿಯೊದವನು ಬರುವ ಮೊದಲೇ, ಬತೂಲ್ ಏನು ಹೇಳಬೇಕೆಂಬುದನ್ನು ಬೀದಿಯವರು ತೀರ್ಮಾನಿಸಿಬಿಟ್ಟಿದ್ದರು. ಮಿರ್ಘನಿ ಕಾಲುವೆ ದಾಟಿ ಬಂದು ನನ್ನ ಮಗನನ್ನು ಕೊಂದ. ಇಷ್ಟೇ ಮಾತು. ಕ್ಷೌರದ ಇದ್ರೀಸ್ ಅದನ್ನು ಮಗುವಿಗೆ ಪಾಠ ಹೇಳುವಂತೆ ಮತ್ತೆ ಮತ್ತೆ ಹೇಳಿಕೊಟ್ಟ. ಅವಳು ಒರಟು ಬಿಳಿ ಬಟ್ಟೆ ಹೊದ್ದು ಹಗ್ಗದ ಮಂಚದ ಮೇಲೆ ಕೂತಿದ್ದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಹತ್ತಿ ಹೊಲಗಳಿಗೆ ಔಷಧಿ ಹೊಡೆಯುವ ಎರಡು ಸಣ್ಣ ವಿಮಾನಗಳು. ಬೇರೆ ಬೇರೆ ಕಂಪನಿಯವು. ಈಚೆ ದಡದ ಹೊಲ ಬತೂಲ್‌ಳ ಮಗ ಬಾಬಿಕಿರ್‌ನ ಪಾಲಿಗೆ, ಆಚೆಯದು ಮಿರ್ಘನಿಯ ಪಾಲಿಗೆ. ನಡುವೆ ಕಾಲುವೆ. ಬೆಳಗಿನ ಹೊತ್ತು, ಮೋಡವಿಲ್ಲ, ಧೂಳಿಲ್ಲ. ಆದರೂ ಎರಡೂ ಕಾಲುವೆಯ ನೆತ್ತಿಯ ಮೇಲೇ ಡಿಕ್ಕಿ ಹೊಡೆದು ಉರಿದು ಬಿದ್ದವು. ಓಡಿಸುತ್ತಿದ್ದ ಇಬ್ಬರೂ ಉಳಿಯಲಿಲ್ಲ.

ಅಂದಿನಿಂದ ಊರಿಗೆ ಬೇರೆ ಕೆಲಸವಿರಲಿಲ್ಲ. ಕಣ್ಣಿಗೆ ಬಿಸಿಲು ಹೊಡೆದಿರಬೇಕು ಎಂದ ಇದ್ರೀಸ್. ಕೆಟ್ಟ ದೃಷ್ಟಿ ತಾಗಿದೆ ಎಂದಳು ಚಹಾ ಮಾರುವ ಕಲ್ತೂಮ. ಕಂಪನಿಗಳ ಜಿದ್ದು, ಯಾರು ಮೊದಲು ಹೊಲ ಮುಗಿಸುತ್ತಾರೆಂಬ ಪಂದ್ಯ ಎಂದರು ಮೇಷ್ಟರು. ವಿಮಾನವನ್ನು ಹತ್ತಿರದಿಂದ ಮುಟ್ಟಿಯೂ ನೋಡದವರೆಲ್ಲ ಅದರ ಬಾಲ ಹೇಗೆ ತಿರುಗುತ್ತದೆಂದು ಚಹಾದ ಲೋಟ ಹಿಡಿದು ತೋರಿಸಿದರು. ಆಚೆ ದಡದವರೂ ಸುಮ್ಮನಿರಲಿಲ್ಲ. ಬಾಬಿಕಿರ್ ಕುಡಿದಿದ್ದ ಎಂದು ಸುದ್ದಿ ಹಬ್ಬಿಸಿದರು. ಗುರುವಾರ ವಿಚಾರಣೆ. ತಪ್ಪು ಯಾರ ತಲೆಗೆ ಬರುತ್ತದೋ ಅವನ ಹೆಸರೆತ್ತಿದರೆ ಜನ ಉಗಿಯುತ್ತಾರೆ, ಸತ್ತ ಮೇಲೂ.

ಕಣ್ಣಾರೆ ಕಂಡವನು ಲಾರಿ ಓಡಿಸುವ ಅಬಶರ್ ಒಬ್ಬನೇ. ಅವನ ಮಾತು ಯಾರಿಗೂ ರುಚಿಸಲಿಲ್ಲ.

"ಯಾರೂ ಯಾರ ಮೇಲೂ ನುಗ್ಗಲಿಲ್ಲ ಕಣ್ರಯ್ಯಾ. ಯಾರೋ ಕರೆದ ಹಾಗೆ ಇಬ್ರೂ ಒಬ್ಬರ ಕಡೆಗೊಬ್ರು ತಿರುಗಿಕೊಂಡ್ರು."

ಅವನಿಗೆ ಕನ್ನಡಕ ಕೊಡಿಸಿ ಎಂದು ಇದ್ರೀಸ್ ನಗಾಡಿದ.

ಬತೂಲ್ ಮೊದಲಿಂದಲೂ ಮಾತು ಕಡಿಮೆಯವಳು. ಎಂದೋ ಉತ್ತರದ ಕರೀಮಾದಿಂದ ಜುಬಾರಾನ ಹೆಂಡತಿಯಾಗಿ ಬಂದವಳು. ತವರಿನ ಕಡೆಯಿಂದ ಒಂದು ನರಪಿಳ್ಳೆಯೂ ಬಂದು ಹೋದದ್ದಿಲ್ಲ. ಗಂಡ ಸತ್ತ ಮೇಲೆ ಮಗನೇ ಅವಳ ಲೋಕ. ಒಂದೇ ವಿಷಯದಲ್ಲಿ ಅವಳದು ಹಟ. ಎದುರಾದವರು ಸುಮ್ಮನೆ ಹಾದುಹೋಗುವ ಹಾಗಿಲ್ಲ. ನಿಂತು, ಹೆಗಲ ಮೇಲೆ ಕೈಯಿಟ್ಟು, ಮನೆಯ ಮೇಕೆಯವರೆಗೂ ಕ್ಷೇಮ ಕೇಳಬೇಕು. ಮರೆತು ಹೋದ ಕತ್ತೆಗಾಡಿಯವನನ್ನು ಬೀದಿ ಕೊನೆಯಿಂದ ವಾಪಸ್ ಕರೆಸಿದ್ದುಂಟು. ಬಾಬಿಕಿರ್ ಕೂಡ ಮನೆಯ ಮೇಲೆ ಹಾರುವಾಗ ರೆಕ್ಕೆ ಓರೆ ಮಾಡಿ ಸಲಾಂ ಹೇಳದೆ ಹೋದವನಲ್ಲ. ಈಗ ಆ ಸದ್ದಿಲ್ಲ. ಆದರೂ ಬೆಳಗಾದರೆ ಅವಳು ಅಂಗಳಕ್ಕೆ ಬಂದು ಮೇಲೆ ನೋಡುತ್ತಾಳೆ.

ಕಲ್ತೂಮಳಿಗೆ ಮಾತ್ರ ಒಳಗೊಳಗೇ ಸಂಶಯ. ಅಪಘಾತಕ್ಕೆ ಮುಂಚಿನ ಶುಕ್ರವಾರ ಎತ್ತರದ ಅಪರಿಚಿತನೊಬ್ಬ ಈ ಮನೆಗೆ ಬಂದದ್ದನ್ನೂ, ಹೋಗುವಾಗ ಕಣ್ಣೊರೆಸಿಕೊಂಡದ್ದನ್ನೂ ಅವಳು ನೋಡಿದ್ದಳು. ಬಾಬಿಕಿರ್‌ನನ್ನು ಕೆಲಸದಿಂದ ತೆಗೆಯುವ ಸುದ್ದಿ ತಂದ ಕಂಪನಿಯವನಿರಬೇಕು. ಆ ಬೇಸರದಲ್ಲೇ ಹುಡುಗ ವಿಮಾನ ಹತ್ತಿದನೇನೋ. ಇಲ್ಲದಿದ್ದರೆ ತಾಯಿ ಯಾಕೆ ಹೀಗೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಾಳೆ? ಸತ್ತವರ ಹೆಸರಲ್ಲಿ ಹಂಚಲು ಜೋಳ ಬೇಯಿಸಿದ ದಿನವೂ ಹಾಗೇ. ಬತೂಲ್ ಎರಡು ಪಾತ್ರೆ ಇಟ್ಟಳು. ಒಂದನ್ನು ಬೀದಿಗೆ ಹಂಚಿ, ಇನ್ನೊಂದನ್ನು ತಲೆಯ ಮೇಲೆ ಹೊತ್ತು ತಾನೊಬ್ಬಳೇ ಕಾಲುವೆಯಾಚೆ ಹೋದಳು. ಮಗ ಮಾಡಿದ ತಪ್ಪಿಗೆ ತಾಯಿ ಕ್ಷಮೆ ಕೇಳಿ ಬಂದಳೆಂದೇ ಕಲ್ತೂಮ ಲೆಕ್ಕ ಹಾಕಿದಳು. ಯಾರಿಗೂ ಹೇಳಬೇಡ ಎಂದು ಎಲ್ಲರಿಗೂ ಹೇಳಿದಳು.

ಆದರೂ ಕರುಳು ಕೇಳಬೇಕಲ್ಲ. ರೇಡಿಯೊದವನ ದಾರಿ ಕಾಯುತ್ತ ಕಲ್ತೂಮ ಅವಳ ಪಕ್ಕ ಕೂತು ಮಿರ್ಘನಿಯನ್ನು ಶಪಿಸಿದಳು. ಉತ್ತರದವರ ಸೊಕ್ಕೇ ಅಷ್ಟು ಎಂದವಳು ಬತೂಲ್‌ಳ ಕೆನ್ನೆಯ ಮೇಲೆ ಉತ್ತರದವರು ಕುಲದ ಗುರುತಿಗೆ ಕೊಯ್ಯುವ ಮೂರು ಅಡ್ಡ ಗೆರೆ ನೋಡಿ ನಾಲಗೆ ಕಚ್ಚಿಕೊಂಡಳು. ಮಿರ್ಘನಿಯೂ ಅದೇ ಕರೀಮಾ ಕಡೆಯವನು.

"ನಿನ್ನನ್ನಲ್ಲ ಬತೂಲಕ್ಕ ಅಂದದ್ದು. ಅವನನ್ನ ಹೆತ್ತವಳು ಎಲ್ಲಿದ್ದಾಳೋ, ಅವಳ ಹೊಟ್ಟೆಯೂ ಹೀಗೇ ಉರೀಲಿ."

"ಉರೀತಿದೆ ಬಿಡು," ಎಂದಳು ಬತೂಲ್.

ರೇಡಿಯೊದವನು ಬಂದ. ಯಂತ್ರ ಮಂಚದ ಮೇಲಿಟ್ಟ. ಅಂಗಳದ ತುಂಬ ಜನ.

"ಹೇಳಿ ಅಮ್ಮ. ತಪ್ಪು ಯಾರದು?"

"ಇಬ್ಬರದೂ ಅಲ್ಲಪ್ಪ. ಇಬ್ಬರೂ ಒಳ್ಳೇ ಮಕ್ಕಳು."

ಇದ್ರೀಸ್ ಹಣೆ ಚಚ್ಚಿಕೊಂಡ. "ಬತೂಲಕ್ಕ, ಮಗನ ಹೆಸರು ಹಾಳಾಗತ್ತೆ."

"ಉಳೀಲಿ ಅಂತಲೇ ಹೇಳ್ತಿದ್ದೀನಿ."

ಹಾಗಾದರೆ ತಪ್ಪು ಯಾರದು ಎಂದು ರೇಡಿಯೊದವನು ಇನ್ನೊಮ್ಮೆ ಕೇಳಿದ. ಅವಳು ತಲೆಯೆತ್ತಿ ಮೇಲೆ ಆಕಾಶ ನೋಡಿದಳು. ಅವನು ಯಂತ್ರ ಆರಿಸಿ ಎದ್ದುಹೋದ. ಬೀದಿಯವರಿಗೆ ಸಿಟ್ಟು ನೆತ್ತಿಗೇರಿತ್ತು. ಇಷ್ಟು ದಿನ ಇವಳಿಗಾಗಿ ಬಾಯಿ ನೋಯಿಸಿಕೊಂಡೆವಲ್ಲ ಎಂದು ಗೊಣಗುತ್ತ ಒಬ್ಬೊಬ್ಬರೇ ಹೊರಟರು. ಕಲ್ತೂಮ ಕೂಡ ಹಿಂತಿರುಗಿ ನೋಡದೆ ಹೋದಳು. ಬಾಗಿಲು ದಾಟುವಾಗ ಯಾರೂ ಸಲಾಂ ಹೇಳಲಿಲ್ಲ. ಈ ಸಲ ಬತೂಲ್ ಯಾರನ್ನೂ ವಾಪಸ್ ಕರೆಯಲಿಲ್ಲ.

ಅಂಗಳದಲ್ಲಿ ಅವಳೊಬ್ಬಳೇ ಉಳಿದಳು. ಅಳಬಹುದಿತ್ತು, ಜೊತೆಗೆ ಕೂತು ಅಳಲು ಯಾರಿದ್ದರು? ಅವಳು ಹಗ್ಗದ ಮಂಚವನ್ನು ಎಡಗಡೆ ಒಮ್ಮೆ ಸವರಿದಳು, ಬಲಗಡೆ ಒಮ್ಮೆ ಸವರಿದಳು.

ಆ ಶುಕ್ರವಾರ ಅವಳ ಎಡಕ್ಕೆ ಕೂತಿದ್ದವನು ಬಾಬಿಕಿರ್. ಬಲಕ್ಕೆ ಕೂತಿದ್ದವನು ಮಿರ್ಘನಿ: ತಲಾಖಿನ ದಿನ ಮೊದಲ ಗಂಡ ಅವಳ ಮಡಿಲಿಂದ ಕಿತ್ತುಕೊಂಡಿದ್ದ ಕೂಸು, ಆ ಮದುವೆಯ ಸುದ್ದಿ ಈ ಊರಲ್ಲಿ ಎತ್ತುವುದಿಲ್ಲವೆಂದು ಜುಬಾರಾನಿಗೆ ಕೊಟ್ಟ ಮಾತಿಗಾಗಿ ಅವಳು ಎಂದೂ ಹೆಸರು ಹೇಳದ ಹಿರಿಮಗ. ಅವಳು ಇಬ್ಬರ ಕೈಯನ್ನೂ ಒಬ್ಬರ ಹೆಗಲ ಮೇಲೊಬ್ಬರದು ಇರಿಸಿ ಹೇಳಿದ್ದಳು: "ಒಂದೇ ಹೊಟ್ಟೇಲಿ ಹುಟ್ಟಿದೋರು ನೀವು. ಇನ್ಮೇಲೆ ಆಕಾಶದಲ್ಲಿ ಕಂಡ್ರೂ ಸರಿ, ಹತ್ರ ಹೋಗಿ ಸಲಾಂ ಹೇಳದೆ ಹೋಗಬೇಡಿ."